ದನಿಗೆ ನಿಷ್ಠವಾದ ಪೆಟ್ಟಿಗೆ: ಕಾರವಾರ, ಅಂಕೋಲೆಯ ಮನೆಗಳಲ್ಲಿ ಧ್ವನಿವರ್ಧಕ

ದೂರದರ್ಶನದ ಭಾಷಣವಾಗಲಿ, ಆಕಾಶವಾಣಿಯ ಸಂಗೀತವಾಗಲಿ, ಮುದ್ರಿಸಿಟ್ಟ ಜನಪದ ಹಾಡಾಗಲಿ, ಎಲ್ಲವೂ ಕೊನೆಗೆ ನಮ್ಮ ಕಿವಿಯನ್ನು ತಲುಪುವುದು ಒಂದೇ ಬಾಗಿಲಿನಿಂದ. ಆ ಬಾಗಿಲೇ ಧ್ವನಿವರ್ಧಕ, ನಾವು ದಿನವೂ ಸ್ಪೀಕರ್ ಎಂದು ಕರೆಯುವ ಸಾಧನ. ಉಳಿದ ಉಪಕರಣಗಳು ಎಷ್ಟೇ ಒಳ್ಳೆಯವಾಗಿದ್ದರೂ ಈ ಬಾಗಿಲು ಕಿರಿದಾಗಿದ್ದರೆ ಒಳಗೆ ಬರುವುದು ಅರ್ಧ ದನಿ ಮಾತ್ರ.

ಇದು ಶೋಕಿಯ ಮಾತಲ್ಲ. ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಕಂಠದಲ್ಲಿ ಕಾಪಾಡಿಕೊಂಡು ಬಂದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2025ರಲ್ಲಿ ಅವರು ತೀರಿಕೊಂಡರು. ಇನ್ನು ಆ ದನಿ ನಮಗೆ ದೊರೆಯುವುದು ಧ್ವನಿಮುದ್ರಣದಲ್ಲಿ ಮಾತ್ರ. ಧ್ವನಿಮುದ್ರಣ ಮಾತಾಡುವುದು ಧ್ವನಿವರ್ಧಕದ ಬಾಯಿಯಲ್ಲಿ. ಆ ಬಾಯಿ ತೊದಲಿದರೆ ಮುಂದಿನ ತಲೆಮಾರು ಕೇಳುವುದು ಸುಕ್ರಜ್ಜಿಯ ದನಿಯನ್ನಲ್ಲ, ಪೆಟ್ಟಿಗೆಯ ದನಿಯನ್ನು. 'ಹೈ-ಫೈ' ಎಂಬ ಮಾತಿನ ಅರ್ಥವೂ ಇಷ್ಟೇ: ಮೂಲದ ದನಿಗೆ ಹೆಚ್ಚಿನ ನಿಷ್ಠೆ. ಪೆಟ್ಟಿಗೆ ತನ್ನದೇನನ್ನೂ ಸೇರಿಸಬಾರದು, ಬಂದದ್ದರಲ್ಲಿ ಏನನ್ನೂ ನುಂಗಬಾರದು. ಈ ನಿಷ್ಠೆಯನ್ನು ಎಂಜಿನಿಯರುಗಳು ಹೇಗೆ ಸಾಧಿಸುತ್ತಾರೆ, ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ, ಚಿರೆಕಲ್ಲಿನ ಗೋಡೆಗಳ ನಡುವೆ ಅದನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ನೋಡೋಣ.

ಹದಿನೇಳು ಮೀಟರಿನ ಅಲೆ, ಹದಿನೇಳು ಮಿಲಿಮೀಟರಿನ ಅಲೆ

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಒಂದು ಸೆಕೆಂಡಿನಲ್ಲಿ ಆಗುವ ಏರಿಳಿತಗಳ ಸಂಖ್ಯೆಯೇ ಆವೃತ್ತಿ. ಅದರ ಅಳತೆ ಹರ್ಟ್ಸ್. ಎಳೆಯ, ಆರೋಗ್ಯವಂತ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಗ್ರಹಿಸುತ್ತದೆ. ನಮ್ಮ ಊರಿನ ಬೆಚ್ಚಗಿನ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಆದ್ದರಿಂದ 20 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 17 ಮೀಟರ್, ಅಂದರೆ ಒಂದು ದೊಡ್ಡ ಮೀನುಗಾರಿಕೆ ದೋಣಿಯಷ್ಟು. 20,000 ಹರ್ಟ್ಸ್‌ನ ಅಲೆಯಾದರೋ 17 ಮಿಲಿಮೀಟರ್, ಒಂದು ಅಂಗಿಯ ಗುಂಡಿಯಷ್ಟು.

ಧ್ವನಿವರ್ಧಕದ ವಿನ್ಯಾಸಕಾರನ ತೊಂದರೆಯೆಲ್ಲ ಈ ಅಂತರದಲ್ಲೇ ಇದೆ. ದೋಣಿಯಷ್ಟು ದೊಡ್ಡ ಅಲೆಯನ್ನೂ ಗುಂಡಿಯಷ್ಟು ಸಣ್ಣ ಅಲೆಯನ್ನೂ ಮೇಜಿನ ಮೇಲೆ ಕೂರುವ ಒಂದೇ ಪೆಟ್ಟಿಗೆ ಹೊರಡಿಸಬೇಕು. ತೆಂಗಿನ ಮರಕ್ಕೆ ಕಟ್ಟುವ ಜಾತ್ರೆಯ ಭೋಂಗಾ ನಡುವಿನ ಆವೃತ್ತಿಗಳನ್ನಷ್ಟೇ ಆರಿಸಿಕೊಂಡು ಅವನ್ನು ದೂರಕ್ಕೆ ಎಸೆಯುತ್ತದೆ. ಅದರ ಕೆಲಸ ಊರಿಗೆ ಕೇಳಿಸುವುದು. ಮನೆಯ ಧ್ವನಿವರ್ಧಕದ ಕೆಲಸ ಬೇರೆ: ನಾಲ್ಕು ಜನಕ್ಕೆ ಕೇಳಿಸಿದರೆ ಸಾಕು, ಆದರೆ ಇದ್ದದ್ದು ಇದ್ದ ಹಾಗೆ ಕೇಳಿಸಬೇಕು.

ಅಯಸ್ಕಾಂತ, ಸುರುಳಿ, ಶಂಕು

ಇಂದಿಗೂ ಬಳಕೆಯಲ್ಲಿರುವ ಬಹುಪಾಲು ಧ್ವನಿವರ್ಧಕಗಳ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ನೂರು ವರ್ಷಗಳಲ್ಲಿ ವಸ್ತುಗಳು ಬದಲಾದವು, ತತ್ತ್ವ ಬದಲಾಗಲಿಲ್ಲ.

ಉಂಗುರದಂಥ ಬಲವಾದ ಅಯಸ್ಕಾಂತದ ನಡುವೆ ಒಂದು ಕಿರಿದಾದ ಸಂದು. ಆ ಸಂದಿನಲ್ಲಿ ತೆಳುವಾದ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಮುಂದಕ್ಕೋ ಹಿಂದಕ್ಕೋ ತಳ್ಳಲ್ಪಡುತ್ತದೆ. ವಿದ್ಯುತ್ತು ಹಾಡಿನ ಲಯದಲ್ಲಿ ದಿಕ್ಕು ಬದಲಿಸುವುದರಿಂದ ಸುರುಳಿಯೂ ಅದೇ ಲಯದಲ್ಲಿ ಓಡಾಡುತ್ತದೆ. ಸುರುಳಿಗೆ ಅಂಟಿಸಿದ ಶಂಕು ಗಾಳಿಯನ್ನು ದೂಡುತ್ತದೆ, ಎಳೆಯುತ್ತದೆ. ಶಂಕುವಿನ ಅಂಚಿನಲ್ಲಿರುವ ಮೃದುವಾದ ಪಟ್ಟಿಯೂ ಸುರುಳಿಯ ಬುಡದಲ್ಲಿರುವ ನೆರಿಗೆಬಟ್ಟೆಯೂ ಸೇರಿ ಅದನ್ನು ಸಂದಿನ ನಡುಮಧ್ಯದಲ್ಲಿ ಹಿಡಿದಿಡುತ್ತವೆ.

ಶಂಕುವಿನಲ್ಲಿ ಒಂದಕ್ಕೊಂದು ವಿರುದ್ಧವಾದ ಮೂರು ಗುಣ ಬೇಕು. ಅದು ಹಗುರವಾಗಿರಬೇಕು, ಇಲ್ಲದಿದ್ದರೆ ಚಂಡೆಯ ಪೆಟ್ಟಿನಂಥ ಚುರುಕು ದನಿಗೆ ತಕ್ಷಣ ಓಗೊಡಲಾರದು. ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಇಡಿಯಾಗಿ ಚಲಿಸದೆ ಅಲ್ಲಲ್ಲಿ ಬಾಗಿ ತನ್ನದೇ ದನಿ ಕೂಡಿಸುತ್ತದೆ. ಹೊಡೆದರೆ ಗಂಟೆಯಂತೆ ಮೊಳಗದೆ ಕೂಡಲೇ ಸುಮ್ಮನಾಗಬೇಕು. ಕಾಗದ, ಪಾಲಿಪ್ರೊಪಿಲೀನ್, ಅಲ್ಯುಮಿನಿಯಂ, ನೇಯ್ದ ನಾರು ಹೀಗೆ ಯಾವ ವಸ್ತುವನ್ನು ಆರಿಸಿದರೂ ಅದು ಈ ಮೂರರ ನಡುವಿನ ರಾಜಿಯೇ.

ಇನ್ನೊಂದು ಕಠಿಣ ನಿಯಮವಿದೆ. ಅದೇ ಶಂಕುವಿನಿಂದ ಅಷ್ಟೇ ಗಟ್ಟಿಯಾದ ದನಿಯನ್ನು ಒಂದು ಸಪ್ತಕ ಕೆಳಗೆ ಹೊರಡಿಸಬೇಕಾದರೆ ಅದು ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕು. ಅಂಗೈಯಗಲದ ಧ್ವನಿವರ್ಧಕದಿಂದ ಮದ್ದಳೆಯ ಆಳದ ದನಿ ಸಲೀಸಾಗಿ ಬರದಿರುವುದು ಇದೇ ಕಾರಣಕ್ಕೆ. ಬಲವಂತ ಮಾಡಿದರೆ ಸುರುಳಿ ಸಂದಿನಿಂದ ಹೊರಬರುತ್ತದೆ, ದನಿ ಒಡೆಯುತ್ತದೆ.

ಪೆಟ್ಟಿಗೆ ಏಕೆ? ಗುಮಟೆ ಹೇಳುವ ಪಾಠ

ಬರಿಯ ಧ್ವನಿವರ್ಧಕವನ್ನು ಕೈಯಲ್ಲಿ ಹಿಡಿದು ಹಾಡಿಸಿ ನೋಡಿ, ತಗ್ಗಿನ ದನಿ ಬಹುಮಟ್ಟಿಗೆ ಇರುವುದೇ ಇಲ್ಲ. ಶಂಕು ಮುಂದೆ ಗಾಳಿಯನ್ನು ಒತ್ತಿದಾಗಲೇ ಹಿಂದೆ ಗಾಳಿ ತೆಳುವಾಗುತ್ತದೆ. ಉದ್ದನೆಯ ಅಲೆಗಳು ಅಂಚಿನ ಸುತ್ತ ಬಳಸಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಅಲೆ ಮುಂದೆ ಬಾರದಂತೆ ತಡೆಯುವುದೇ ಪೆಟ್ಟಿಗೆಯ ಮೊದಲ ಕೆಲಸ. ಅದು ಅಲಂಕಾರದ ಕವಚವಲ್ಲ, ವಾದ್ಯದ ಅಂಗ.

ಸರಳ ಉಪಾಯವೆಂದರೆ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆ. ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚುರ್ ಈ ಗಾಳಿಯ ಸ್ಪ್ರಿಂಗನ್ನೇ ದುಡಿಸಿಕೊಂಡು ಸಣ್ಣ ಪೆಟ್ಟಿಗೆಯಿಂದ ಆಳವಾದ, ಶುದ್ಧವಾದ ದನಿ ಹೊರಡಿಸಿ ತೋರಿಸಿದರು. ಕಪಾಟಿನಷ್ಟು ದೊಡ್ಡ ಪೆಟ್ಟಿಗೆಗಳ ಕಾಲ ಅಲ್ಲಿಂದ ಮುಗಿಯುತ್ತ ಬಂತು.

ಎರಡನೆಯ ಉಪಾಯ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಹಾಲಕ್ಕಿಗಳ ಸುಗ್ಗಿ ಕುಣಿತದಲ್ಲಿ ಗುಮಟೆಯನ್ನು ಗಮನಿಸಿದ್ದೀರಾ? ಅದೊಂದು ಮಣ್ಣಿನ ಕೊಡ. ದೊಡ್ಡ ಬಾಯಿಗೆ ಚರ್ಮದ ಹೊದಿಕೆ, ಚಿಕ್ಕ ಬಾಯಿ ತೆರೆದೇ ಇರುತ್ತದೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆಡಿನ ಚರ್ಮ ಆ ಜಾಗಕ್ಕೆ ಬಂದಿದೆ. ವಾದಕ ಒಂದು ಕೈಯಿಂದ ಚರ್ಮಕ್ಕೆ ಬಡಿಯುತ್ತ ಇನ್ನೊಂದು ಕೈಯಿಂದ ಚಿಕ್ಕ ಬಾಯಿಯನ್ನು ಮುಚ್ಚಿ ತೆರೆಯುತ್ತಾನೆ. ಬಾಯಿ ಅರ್ಧ ಮುಚ್ಚಿದರೆ ದನಿ ತಗ್ಗುತ್ತದೆ, ತೆರೆದರೆ ಏರುತ್ತದೆ. ಕೊಡದೊಳಗಿನ ಗಾಳಿ ಸ್ಪ್ರಿಂಗಿನಂತೆಯೂ ಬಾಯಲ್ಲಿರುವ ಗಾಳಿ ಆ ಸ್ಪ್ರಿಂಗಿಗೆ ತೂಗಿಬಿಟ್ಟ ತೂಕದಂತೆಯೂ ಕೆಲಸ ಮಾಡುತ್ತವೆ. ಎರಡೂ ಸೇರಿ ಒಂದು ನಿಶ್ಚಿತ ಆವೃತ್ತಿಯಲ್ಲಿ ತೂಗುತ್ತವೆ. ಈ ಕ್ರಿಯೆಗೆ ಗಣಿತದ ರೂಪ ಕೊಟ್ಟವರು 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್.

ಬಹುತೇಕ ಧ್ವನಿವರ್ಧಕ ಪೆಟ್ಟಿಗೆಗಳ ಮುಂದೆಯೋ ಹಿಂದೆಯೋ ಕಾಣುವ ಕೊಳವೆಯ ತೂತು ಗುಮಟೆಯ ಚಿಕ್ಕ ಬಾಯಿಯೇ. ಶಂಕುವಿನ ಹಿಂದಿನ ಅಲೆಯನ್ನು ವ್ಯರ್ಥ ಮಾಡದೆ, ಕೊಳವೆಯ ಗಾಳಿಯನ್ನು ತೂಗಿಸಿ, ತಗ್ಗಿನ ಸ್ವರಗಳಿಗೆ ಸಹಾಯ ಪಡೆಯುವ ವಿಧಾನವಿದು. ಅಮೆರಿಕದ ಆಲ್ಬರ್ಟ್ ಥುರಾಸ್ 1930ರ ದಶಕದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒಂದು ಲೆಕ್ಕ ನೋಡಿ. ಪೆಟ್ಟಿಗೆಯೊಳಗಿನ ಜಾಗ 20 ಲೀಟರ್; ಕೊಳವೆಯ ಒಳವ್ಯಾಸ 5 ಸೆಂಟಿಮೀಟರ್, ಉದ್ದ 12 ಸೆಂಟಿಮೀಟರ್. ಆಗ ಪೆಟ್ಟಿಗೆ ತೂಗುವುದು ಸುಮಾರು 43 ಹರ್ಟ್ಸ್‌ನಲ್ಲಿ. ಕೊಳವೆಯನ್ನು ಗಿಡ್ಡ ಮಾಡಿದರೆ ಈ ಸಂಖ್ಯೆ ಏರುತ್ತದೆ, ಉದ್ದ ಮಾಡಿದರೆ ಇಳಿಯುತ್ತದೆ.

ಹಾಗೆಂದು ಯಾವ ಧ್ವನಿವರ್ಧಕವನ್ನು ಯಾವ ಪೆಟ್ಟಿಗೆಗಾದರೂ ಕೂರಿಸುವಂತಿಲ್ಲ. ಬಹುಕಾಲ ಇದು ಅಂದಾಜಿನ ಕೆಲಸವಾಗಿತ್ತು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಶಂಕು ಸ್ವತಃ ತೂಗುವ ಆವೃತ್ತಿ, ಅದರ ಅಂಚಿನ ಸಡಿಲತೆ, ಅಯಸ್ಕಾಂತದ ಹಿಡಿತ ಇವುಗಳನ್ನು ಸೂಚಿಸುವ ಕೆಲವು ಅಂಕಿಗಳಿದ್ದರೆ ಪೆಟ್ಟಿಗೆ ಎಷ್ಟು ಲೀಟರ್ ಇರಬೇಕೆಂಬುದು ಮರ ಕೊಯ್ಯುವ ಮುನ್ನವೇ ತಿಳಿಯುತ್ತದೆ. ಆದ್ದರಿಂದ ಪೆಟ್ಟಿಗೆ ಮಾಡಿಸುವವರು ಕೊಳ್ಳುವಾಗಲೇ ಈ 'ಥೀಲ್-ಸ್ಮಾಲ್' ಅಂಕಿಗಳನ್ನು ಕೇಳಿ ಪಡೆಯಬೇಕು.

ಕೆಲಸದ ಹಂಚಿಕೆ

ಯಕ್ಷಗಾನದಲ್ಲಿ ಭಾಗವತರ ಕೆಲಸವನ್ನು ಮದ್ದಳೆಗಾರ ಮಾಡುವುದಿಲ್ಲ. ಹಾಗೆಯೇ ತಗ್ಗಿನ ಸ್ವರಗಳಿಗೆ ದೊಡ್ಡ ವೂಫರ್, ಏರಿನ ಸ್ವರಗಳಿಗೆ ಸುಮಾರು 25 ಮಿಲಿಮೀಟರಿನ ಪುಟ್ಟ ಟ್ವೀಟರ್. 3,000 ಹರ್ಟ್ಸ್‌ನ ಅಲೆ ಹನ್ನೆರಡು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. 20 ಸೆಂಟಿಮೀಟರಿನ ವೂಫರ್ ಅಂಥ ಅಲೆಯನ್ನು ಕೈದೀಪದ ಬೆಳಕಿನಂತೆ ಎದುರಿಗೆ ಮಾತ್ರ ಎಸೆಯುತ್ತದೆ. ಪಕ್ಕದಲ್ಲಿ ಕುಳಿತವರಿಗೆ ವ್ಯಂಜನಗಳು ಮಂಕಾಗುತ್ತವೆ. ಆದ್ದರಿಂದ ಆ ಹಂತಕ್ಕೆ ಮೊದಲೇ ಕೆಲಸವನ್ನು ಟ್ವೀಟರಿಗೆ ಒಪ್ಪಿಸಬೇಕು.

ಈ ಹಂಚಿಕೆ ಮಾಡುವುದು ಕ್ರಾಸ್‌ಓವರ್ ಎಂಬ ಮಂಡಲ. ತಂತಿಯ ಸುತ್ತು ಏರಿನ ಸ್ವರಗಳನ್ನು ತಡೆಯುತ್ತದೆ, ಕೆಪಾಸಿಟರ್ ತಗ್ಗಿನ ಸ್ವರಗಳನ್ನು ತಡೆಯುತ್ತದೆ. 8 ಓಮ್‌ನ ಟ್ವೀಟರಿಗೆ 3,000 ಹರ್ಟ್ಸ್‌ನಲ್ಲಿ ಗಡಿ ಹಾಕಲು ಅತಿ ಸರಳ ಮಂಡಲದಲ್ಲಿ ಸುಮಾರು 6.6 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಆದರೆ ಗಡಿಯಲ್ಲಿ ಎರಡೂ ಘಟಕಗಳು ಒಂದೇ ಸ್ವರವನ್ನು ನುಡಿಯುತ್ತವೆ. ಹೆಜ್ಜೆ ತಪ್ಪಿದರೆ ಅಲ್ಲೊಂದು ತಗ್ಗು ಬೀಳುತ್ತದೆ. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಪ್ರಕಟಿಸಿದ, ಸಹೋದ್ಯೋಗಿ ರೈಲಿಯವರ ಹೆಸರೂ ಸೇರಿರುವ ಮಂಡಲ ಈ ಹೆಜ್ಜೆಯನ್ನು ಸರಿಹೊಂದಿಸುತ್ತದೆ. ಕ್ರಾಸ್‌ಓವರ್ ಇಲ್ಲದೆ ಒಂದೇ ಒಂದು ಕೆಪಾಸಿಟರ್ ತೂಗಿಬಿಟ್ಟ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿ ಉಂಟು. ಅವು ಸದ್ದು ಮಾಡುತ್ತವೆ, ನಿಷ್ಠೆಯ ಮಾತು ಬೇರೆ.

ಉಪ್ಪಿನ ಊರಿನಲ್ಲಿ

ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು. ಉಪ್ಪು ನಮಗೆ ಅಭಿಮಾನದ ವಸ್ತು. ಧ್ವನಿವರ್ಧಕಕ್ಕೆ ಮಾತ್ರ ಅದು ಶತ್ರು. ಕಡಲ ಅಲೆ ಒಡೆದಾಗ ಗಾಳಿಗೆ ಸೇರುವ ಉಪ್ಪಿನ ಸೂಕ್ಷ್ಮ ಹನಿಗಳು ಕಿಟಕಿಯಿಂದ ಒಳಬಂದು ಲೋಹದ ಮೇಲೆ ಕೂರುತ್ತವೆ. ಜೊತೆಗೆ ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆ, ತಿಂಗಳುಗಟ್ಟಲೆ ಆರದ ತೇವ. ಒಣ ಹವೆಯ ಊರಿಗೆಂದು ಮಾಡಿದ ಪೆಟ್ಟಿಗೆ ಇಲ್ಲಿ ಬೇಗ ಮುದಿಯಾಗುತ್ತದೆ.

ಮೊದಲು ಸೋಲುವುದು ಶಂಕುವಿನ ಅಂಚು. ಸ್ಪಂಜಿನಂಥ ಫೋಮ್ ಅಂಚನ್ನು ತೇವ ಮತ್ತು ಸೆಕೆ ಸೇರಿ ರಾಸಾಯನಿಕವಾಗಿ ಒಡೆಯುತ್ತವೆ. ಕೆಲವು ವರ್ಷಗಳಲ್ಲಿ ಅದು ಬೆರಳು ಮುಟ್ಟಿದರೆ ಪುಡಿಯಾಗುತ್ತದೆ. ಕರಾವಳಿಯವರು ರಬ್ಬರ್ ಅಂಚನ್ನೇ ಆರಿಸುವುದು ಲೇಸು. ಶಂಕು ಬರಿಯ ಕಾಗದದ್ದಾದರೆ ಮಳೆಗಾಲದಲ್ಲಿ ನೀರು ಹೀರಿ ಭಾರವಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಲೇಪ ಕೊಟ್ಟ ಕಾಗದ ಅಥವಾ ಪಾಲಿಪ್ರೊಪಿಲೀನ್ ಇಲ್ಲಿಗೆ ಹೊಂದುತ್ತದೆ. ತಗಡಿನ ಚೌಕಟ್ಟಿಗಿಂತ ಎರಕದ ಅಲ್ಯುಮಿನಿಯಂ ಚೌಕಟ್ಟು ಬಾಳಿಕೆಯದು. ಸುರುಳಿ ಓಡಾಡುವ ಸಂದಿನಲ್ಲಿ ತುಕ್ಕಿನ ಒಂದು ಹರಳು ಸೇರಿದರೂ ಸಾಕು, ಉಜ್ಜಿದ ಕರಕರ ಶಬ್ದ ಹುಟ್ಟುತ್ತದೆ. ತಂತಿ ಸೇರಿಸುವ ಜಾಗ ಹಸಿರುಗಟ್ಟಿದರೆ ದನಿ ಬಿಟ್ಟುಬಿಟ್ಟು ಬರುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ತಂತಿಯ ತುದಿ ಕತ್ತರಿಸಿ ಹೊಸದಾಗಿ ಬಿಗಿಯಬೇಕು.

ಇನ್ನು ಮರ. ಪೆಟ್ಟಿಗೆಯ ಗೋಡೆ ತಾನೇ ಕಂಪಿಸಬಾರದು. ಹೊರದೇಶದ ಪುಸ್ತಕಗಳು ಸಾಮಾನ್ಯವಾಗಿ ಎಂ.ಡಿ.ಎಫ್. ಹಲಗೆಯನ್ನು ಹೇಳುತ್ತವೆ. ಅದು ಭಾರವಾದ, ಮೊಳಗದ ಹಲಗೆ ನಿಜ. ಆದರೆ ಕೊಯ್ದ ಅಂಚಿನಲ್ಲಿ ತೇವ ಹೊಕ್ಕರೆ ನೆನೆದ ಅವಲಕ್ಕಿಯಂತೆ ಉಬ್ಬುತ್ತದೆ. ಕಾರವಾರದಂಥ ಊರಿಗೆ ಕುದಿಯುವ ನೀರನ್ನು ತಾಳುವ ದರ್ಜೆಯ, ಐ.ಎಸ್. 710 ಗುರುತಿನ, 18 ಮಿಲಿಮೀಟರ್ ಪ್ಲೈವುಡ್ ಹೆಚ್ಚು ನಂಬಿಕೆಯದು. ಒಳಗೆ ಅಡ್ಡಪಟ್ಟಿ ಕೊಟ್ಟು, ಅಂಚುಗಳಿಗೂ ಒಳಮೈಗೂ ವಾರ್ನಿಷ್ ಬಳಿಯಬೇಕು. ಪೆಟ್ಟಿಗೆಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಕಾಲುಮಣೆಯ ಮೇಲಿಟ್ಟರೆ ತೇವವೂ ದೂರ, ಒರಲೆಯೂ ದೂರ.

ಕೋಣೆಯೂ ಒಂದು ವಾದ್ಯ

ಒಳ್ಳೆಯ ಪೆಟ್ಟಿಗೆ ತಂದೆವು, ಆದರೂ ಮಾತು ತಿಳಿಯುತ್ತಿಲ್ಲ ಎನ್ನುವವರು ಕೋಣೆಯನ್ನು ನೋಡಬೇಕು. ಗಿಲಾವು ಮಾಡಿದ ಚಿರೆಕಲ್ಲಿನ ಗೋಡೆ, ನುಣುಪಾದ ನೆಲ, ಮೇಲೆ ಕಾಂಕ್ರೀಟ್ ತಾರಸಿ ಇವು ಶಬ್ದವನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಶಬ್ದ ಎಷ್ಟು ಹೊತ್ತು ಸುಳಿದಾಡುತ್ತದೆ ಎಂಬುದನ್ನು ಲೆಕ್ಕ ಹಾಕುವ ಸೂತ್ರವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬೈನ್ 19ನೆಯ ಶತಮಾನದ ಕೊನೆಯಲ್ಲಿ ಕಂಡುಕೊಂಡರು. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಬರಿಯ ಕೋಣೆ ತನ್ನ ಮೈಮೇಲೆ ಬಿದ್ದ ಶಬ್ದದ ನೂರಕ್ಕೆ 5 ಪಾಲನ್ನಷ್ಟೇ ಹೀರುವುದಾದರೆ, ದನಿ ಅಡಗಲು ಸುಮಾರು 2 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಮಾತುಗಾರ ಮುಂದಿನ ಹಲವು ಅಕ್ಷರಗಳನ್ನು ಆಡಿ ಮುಗಿಸಿರುತ್ತಾನೆ. ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ಅದೇ ಕೋಣೆಗೆ ದಪ್ಪ ಪರದೆ, ಜಮಖಾನೆ, ಹಾಸಿಗೆ, ಪುಸ್ತಕದ ಕಪಾಟು, ಜನ ಸೇರಿ 15 ಚದರ ಮೀಟರಿನಷ್ಟು ಹೀರುವಿಕೆ ಕೂಡಿದರೆ ಈ ಅವಧಿ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಪೆಟ್ಟಿಗೆಗೆ ಹಾಕುವ ಹಣದಲ್ಲಿ ಸ್ವಲ್ಪವನ್ನು ಪರದೆಗೆ ಹಾಕುವುದು ಜಾಣತನ. ಹಳೆಯ ಹಂಚಿನ ಮನೆಗಳಲ್ಲಿ ಸಂದಿಗೊಂದಿಗಳಿಂದ ಶಬ್ದ ಹೊರಟುಹೋಗುವುದರಿಂದ ಈ ತೊಂದರೆ ಕಡಿಮೆ.

ತಗ್ಗಿನ ಸ್ವರಗಳಿಗೆ ಇನ್ನೊಂದು ತೊಡಕಿದೆ. ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕುಳಿತರೆ ಆ ಸ್ವರ ಉಬ್ಬುತ್ತದೆ. 5 ಮೀಟರಿಗೆ ಅದು ಸುಮಾರು 34 ಹರ್ಟ್ಸ್, 4 ಮೀಟರಿಗೆ 43 ಹರ್ಟ್ಸ್. ಮೇಲೆ ಹೇಳಿದ 20 ಲೀಟರಿನ ಪೆಟ್ಟಿಗೆ ತೂಗುವುದೂ 43ರಲ್ಲೇ! ಅಂಥ ಪೆಟ್ಟಿಗೆಯನ್ನು ಈ ಕೋಣೆಯ ಮೂಲೆಗೆ ಒತ್ತಿ ಇಟ್ಟರೆ ಆ ಒಂದು ಸ್ವರ ಡುಂ ಎಂದು ಮೊಳಗಿ ಉಳಿದದ್ದನ್ನು ಮುಚ್ಚಿಬಿಡುತ್ತದೆ. ಗೋಡೆಯಿಂದ ಎರಡು ಅಡಿ ಮುಂದಕ್ಕೆ, ಮೂಲೆಯಿಂದ ಆಚೆಗೆ ಸರಿಸಿ ಕೇಳಿ. ಎರಡು ಪೆಟ್ಟಿಗೆಗಳೂ ನೀವು ಕೂರುವ ಜಾಗವೂ ಸಮಭುಜ ತ್ರಿಕೋನವಾಗಿರಲಿ, ಟ್ವೀಟರ್ ಕಿವಿಯ ಮಟ್ಟದಲ್ಲಿರಲಿ. ಇದಕ್ಕೆ ಖರ್ಚಿಲ್ಲ.

ವಾಟಿನ ಮಾಯೆ

1990ರ ದಶಕದಲ್ಲಿ ಟೇಪ್ ರೆಕಾರ್ಡರುಗಳ ಮೈಮೇಲೆ 'ಪಿ.ಎಂ.ಪಿ.ಓ.' ಎಂಬ ಅಕ್ಷರಗಳ ಜೊತೆ ಸಾವಿರಾರು ವಾಟಿನ ಅಂಕಿ ಹೊಳೆಯುತ್ತಿತ್ತು. ಆ ಅಂಕಿಗೆ ಒಪ್ಪಿತವಾದ ಅಳತೆಗೋಲೇ ಇರಲಿಲ್ಲ. ಗೋಡೆಯ ಪ್ಲಗ್ಗಿನಿಂದ 30 ವಾಟ್ ಎಳೆಯುವ ಯಂತ್ರ 1,000 ವಾಟ್ ದನಿಯನ್ನು ಬಿಡುವಿಲ್ಲದೆ ಕೊಡಲಾರದು. ಕೇಳಬೇಕಾದದ್ದು ಸತತವಾಗಿ ಕೊಡುವ ಶಕ್ತಿ, ಅಂದರೆ 'ಆರ್.ಎಂ.ಎಸ್.' ಅಂಕಿ.

ಅದಕ್ಕಿಂತ ಮುಖ್ಯವಾದದ್ದು ಸಂವೇದನೆ: 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್? ಮನೆಯ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 90. 89 ಡೆಸಿಬೆಲ್ಲಿನ ಪೆಟ್ಟಿಗೆಯೂ ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲನ್ನಷ್ಟೇ ಶಬ್ದವಾಗಿಸುತ್ತದೆ, ಉಳಿದದ್ದು ಸುರುಳಿಯ ಬಿಸಿ. ವಾಟನ್ನು ಇಮ್ಮಡಿ ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಆದ್ದರಿಂದ 86ರ ಪೆಟ್ಟಿಗೆಗೆ 40 ವಾಟ್ ಕೊಡುವುದೂ 89ರ ಪೆಟ್ಟಿಗೆಗೆ 20 ವಾಟ್ ಕೊಡುವುದೂ ಒಂದೇ. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಸಣ್ಣ ಯಂತ್ರದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಬೇಡಿ. ಶಕ್ತಿ ಸಾಲದೆ ಅಲೆಯ ತಲೆ ಕತ್ತರಿಸಿಹೋಗಿ, ಅದರಿಂದ ಹುಟ್ಟುವ ಏರಿನ ಸ್ವರಗಳ ಬಿಸಿಗೆ ಟ್ವೀಟರ್ ಸುಡುತ್ತದೆ. ಮಳೆ ನಿಂತ ಮೇಲೆ ಕೇಳಿದರಾಯಿತು.

ಕೊಳ್ಳುವ ಮುನ್ನ ಕೇಳಿ

ಯಾವ ಪೆಟ್ಟಿಗೆ ಒಳ್ಳೆಯದೆಂಬುದು ಬರಿಯ ರುಚಿಯ ವಿಷಯವಲ್ಲ. ಕೆನಡದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಪೆಟ್ಟಿಗೆಗಳನ್ನು ಪರದೆಯ ಹಿಂದಿಟ್ಟು, ಹೆಸರೂ ಬೆಲೆಯೂ ತಿಳಿಯದಂತೆ, ಜನರಿಗೆ ಕೇಳಿಸಿದರು. ಯಾವ ಸ್ವರವನ್ನೂ ಉಬ್ಬಿಸದೆ, ತಗ್ಗಿಸದೆ, ಎದುರಿಗೂ ಪಕ್ಕಕ್ಕೂ ಸಮನಾಗಿ ನುಡಿಯುವ ಪೆಟ್ಟಿಗೆಯನ್ನೇ ಹೆಚ್ಚಿನವರು ಮೆಚ್ಚಿದರು. ಕಿವಿ ನಿಷ್ಠೆಯನ್ನು ಗುರುತಿಸುತ್ತದೆ.

ಅಂಗಡಿಯವರು ಹಾಕುವ ಅಬ್ಬರದ ಹಾಡಿನಿಂದ ಪರೀಕ್ಷೆ ಮಾಡಬೇಡಿ. ಮೊದಲು ಮನುಷ್ಯನ ಮಾತನ್ನು ಕೇಳಿ. ಪರಿಚಿತ ದನಿ ಡಬ್ಬದೊಳಗಿಂದ ಬಂದಂತೆ ಕೇಳಬಾರದು. ಬಳಿಕ ವಾದ್ಯವಿಲ್ಲದ ಹೆಣ್ಣುದನಿಯ ಹಾಡು, ಆಮೇಲೆ ಚಂಡೆಯ ಪೆಟ್ಟು, ಕೊನೆಗೆ ತಂಬೂರಿ. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ಗಟ್ಟಿತನವೂ ಸಮನಾಗಿರಲಿ. ತುಸು ಗಟ್ಟಿಯಾಗಿರುವುದೇ ಕಿವಿಗೆ ಉತ್ತಮವೆನಿಸಿ ಮೋಸಮಾಡುತ್ತದೆ.

ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ವಯಸ್ಸಾದಂತೆ ಏರಿನ ಸ್ವರಗಳಿಗೆ ಕಿವಿ ಮಂದವಾಗುತ್ತದೆ. ಸ, ಶ, ತ, ಪ ಮುಂತಾದ ವ್ಯಂಜನಗಳನ್ನು ಬೇರೆಬೇರೆಯಾಗಿ ತಿಳಿಸುವುದು ಆ ಸ್ವರಗಳೇ. ಇಂದಿನ ತೆಳುವಾದ ಟಿ.ವಿ.ಗಳಲ್ಲಿ ಧ್ವನಿವರ್ಧಕಕ್ಕೆ ಜಾಗವೇ ಇಲ್ಲ; ಹೆಚ್ಚಿನವುಗಳಲ್ಲಿ ಅದು ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತದೆ. ಅಜ್ಜನಿಗೆ ವಾರ್ತೆ ತಿಳಿಯದಿರುವುದು ಕಿವಿಯ ದೋಷದಿಂದಷ್ಟೇ ಅಲ್ಲ, ಎಷ್ಟೋ ಸಲ ಪೆಟ್ಟಿಗೆಯ ದೋಷದಿಂದಲೂ ಹೌದು. ಸಾಧಾರಣ ಬೆಲೆಯದಾದರೂ ಸರಿಯಾಗಿ ರೂಪಿಸಿದ ಎರಡು ಪೆಟ್ಟಿಗೆಗಳನ್ನು ಅವರ ಕಿವಿಯ ಮಟ್ಟಕ್ಕೆ ಇಟ್ಟು ನೋಡಿ. ಗಟ್ಟಿ ಮಾಡದೆಯೂ ಮಾತು ಸ್ಪಷ್ಟವಾಗುತ್ತದೆ, ಮತ್ತು ಸಂಜೆಯ ಹರಟೆಗೆ ಅವರು ಮರಳಿ ಬರುತ್ತಾರೆ.